ಪ್ರೂದೋನ್‌ನ ಚಾಕ್ ಮಾನವಾಕೃತಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯೇರ್-ಪೋಲ್ ಪ್ರೂದೋನ್ ಎಂಬ ಫ್ರೆಂಚ್ ಕಲಾವಿದ ನೀಲಿ ಕಾಗದದ ಮೇಲೆ ಕಪ್ಪು ಮತ್ತು ಬಿಳಿ ಚಾಕ್‌ಗಳಿಂದ ಬರೆದ ಮಾನವಾಕೃತಿಗಳನ್ನು ಮೊದಲ ಸಲ ಕಂಡವರು, ಅದರಲ್ಲೂ ಚಿತ್ರಕಲೆ ಕಲಿಯುತ್ತಿರುವವರು, ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಾರೆ. ಆ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ಕೆಲವು ಉತ್ತರಗಳು ಉದ್ದವಾಗಿವೆ. ಆ ವಿಷಯಗಳು ನಿಧಾನವಾಗಿ ನೋಡಿದರೆ ಮಾತ್ರ ತಿಳಿಯುವಂಥವು.

ಈ ಚಿತ್ರಗಳಲ್ಲಿ ಅಂಥ ವಿಶೇಷವೇನಿದೆ?

ಬಟ್ಟೆಯಿಲ್ಲದ ರೂಪದರ್ಶಿಯನ್ನು ಎದುರಿಗೆ ಕೂರಿಸಿಕೊಂಡು ಅಥವಾ ನಿಲ್ಲಿಸಿಕೊಂಡು ದೇಹವನ್ನು ಬರೆಯುವುದು ಆ ಕಾಲದ ಫ್ರಾನ್ಸಿನ ಪ್ರತಿಯೊಬ್ಬ ಕಲಾ ವಿದ್ಯಾರ್ಥಿಯ ದಿನನಿತ್ಯದ ಅಭ್ಯಾಸವಾಗಿತ್ತು. ಹೆಚ್ಚಿನವರು ಕೈ ಪಳಗಿ ಹೆಸರು ಬಂದ ಮೇಲೆ ಈ ಅಭ್ಯಾಸವನ್ನು ಬಿಟ್ಟುಬಿಡುತ್ತಿದ್ದರು, ಇಲ್ಲವೇ ದೊಡ್ಡ ವರ್ಣಚಿತ್ರವೊಂದರ ತಯಾರಿಗೆ ಬೇಕಾದಾಗಷ್ಟೇ ಅದಕ್ಕೆ ಮರಳುತ್ತಿದ್ದರು. ಪ್ರೂದೋನ್ ಮಾತ್ರ ಹೆಸರು, ಗೌರವ, ರಾಜಾಶ್ರಯ ಎಲ್ಲವೂ ದಕ್ಕಿದ ಮೇಲೂ ಯಾವ ವರ್ಣಚಿತ್ರದ ಹಂಗೂ ಇಲ್ಲದೆ ಇದೇ ಅಭ್ಯಾಸವನ್ನು ಮುಂದುವರಿಸಿದ. ವಿದ್ಯಾರ್ಥಿಯ ಪಾಠವೊಂದು ಹೀಗೆ ಅವನ ಕೈಯಲ್ಲಿ ತಾನೇ ಪೂರ್ಣವಾದ ಕಲಾಕೃತಿಯಾಗಿ ಬೆಳೆಯಿತು. ಅವನ ವರ್ಣಚಿತ್ರಗಳಿಗಿಂತ ಈ ಚಾಕ್ ಚಿತ್ರಗಳೇ ಮೇಲು ಎಂಬುದು ನನ್ನ ಅಭಿಪ್ರಾಯ. ಹಾಗೆ ಭಾವಿಸುವವರಲ್ಲಿ ನಾನು ಒಬ್ಬಂಟಿಯೂ ಅಲ್ಲ.

ಪ್ರೂದೋನ್ ಯಾರು?

1758ರ ಏಪ್ರಿಲ್ 4ರಂದು ಬರ್ಗಂಡಿ ಪ್ರಾಂತ್ಯದ ಕ್ಲೂನಿಯಲ್ಲಿ ಕಲ್ಲುಕುಟಿಗನೊಬ್ಬನ ಮನೆಯಲ್ಲಿ, ಮಕ್ಕಳು ತುಂಬಿದ ಸಂಸಾರದಲ್ಲಿ ಅವನು ಹುಟ್ಟಿದ. ಊರಿನ ಪ್ರಸಿದ್ಧ ಮಠದ ಸಂನ್ಯಾಸಿಗಳಿಂದ ಮೊದಲ ಅಕ್ಷರ ಕಲಿತು, ಆಮೇಲೆ ದೀಜೋನ್ ನಗರದ ಕಲಾಶಾಲೆಯಲ್ಲಿ ಫ್ರಾಂಸ್ವಾ ದೆವೋಜ್ ಎಂಬ ಗುರುವಿನ ಬಳಿ ಚಿತ್ರಕಲೆ ಅಭ್ಯಾಸ ಮಾಡಿದ. 1784ರಲ್ಲಿ ಬರ್ಗಂಡಿಯ ಪ್ರಾಂತೀಯ ಸಭೆ ಕೊಡುತ್ತಿದ್ದ ಬಹುಮಾನವನ್ನು ಗೆದ್ದು ರೋಮಿಗೆ ಹೋದವನು 1788ರವರೆಗೆ ಅಲ್ಲಿದ್ದ. ಶಿಲ್ಪಿ ಕನೋವಾನ ಸ್ನೇಹ ದೊರೆತದ್ದು, ಇಟಲಿಯ ಹಳೆಯ ಚಿತ್ರಕಾರರಾದ ಲಿಯೊನಾರ್ಡೊ ಮತ್ತು ಕೊರೆಜೊ ಅವರ ಮೃದುವಾದ ನೆರಳು-ಬೆಳಕಿಗೆ ಮನಸೋತದ್ದು ಆ ವರ್ಷಗಳಲ್ಲೇ. ಅವನನ್ನು 'ಫ್ರಾನ್ಸಿನ ಕೊರೆಜೊ' ಎಂದು ಕರೆಯುವ ವಾಡಿಕೆ ಹುಟ್ಟಿದ್ದಕ್ಕೆ ಈ ಒಲವೇ ಕಾರಣ.

ಪ್ಯಾರಿಸ್‌ಗೆ ಮರಳಿದ ಮರುವರ್ಷವೇ ಕ್ರಾಂತಿ ಶುರುವಾಯಿತು. ಹೊಟ್ಟೆಪಾಡಿಗಾಗಿ ಅವನು ಭಾವಚಿತ್ರಗಳನ್ನು ಬರೆದ, ದಿದೋ ಮುದ್ರಣಾಲಯದ ಪುಸ್ತಕಗಳಿಗೆ ಚಿತ್ರ ಒದಗಿಸಿದ, ನಡುವೆ ಕೆಲಕಾಲ ರಾಜಧಾನಿಯನ್ನೇ ಬಿಟ್ಟು ಗ್ರೇ ಪಟ್ಟಣದ ಕಡೆ ಹೋಗಿ ನೆಲೆಸಿದ. ಕೀರ್ತಿ ಬಂದದ್ದು ನೆಪೋಲಿಯನ್ನನ ಕಾಲದಲ್ಲಿ. ಸಾಮ್ರಾಜ್ಞಿ ಜೋಸೆಫಿನ್‌ಳನ್ನು ಮಾಲ್‌ಮೇಸೋನ್ ಉದ್ಯಾನದಲ್ಲಿ ಕುಳಿತಂತೆ ಚಿತ್ರಿಸಿದ್ದು 1805ರಲ್ಲಿ. ಲೀಜನ್ ಆಫ್ ಆನರ್ ಗೌರವ ದೊರೆತದ್ದು 1808ರಲ್ಲಿ. ಮುಂದೆ ನೆಪೋಲಿಯನ್ನನ ಎರಡನೆಯ ಹೆಂಡತಿ ಮರಿ-ಲೂಯಿಸ್‌ಳಿಗೆ ಚಿತ್ರಕಲೆ ಕಲಿಸಿದ, ಆಕೆಯ ಮಗುವಿನ ತೊಟ್ಟಿಲಿನ ವಿನ್ಯಾಸವನ್ನೂ ಮಾಡಿದ. 1823ರ ಫೆಬ್ರುವರಿಯಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ.

ಇಂಥ ಚಿತ್ರವನ್ನು 'ಅಕಾಡೆಮಿ' ಎಂದು ಕರೆಯುವುದೇಕೆ?

ಫ್ರಾನ್ಸಿನ ರಾಜಾಶ್ರಯದ ಚಿತ್ರ-ಶಿಲ್ಪ ಅಕಾಡೆಮಿ 1648ರಲ್ಲಿ ಸ್ಥಾಪನೆಯಾಯಿತು. ಜೀವಂತ ರೂಪದರ್ಶಿಯನ್ನು ನಿಲ್ಲಿಸಿ ವಿದ್ಯಾರ್ಥಿಗಳಿಂದ ಬರೆಸುವುದು ಅದರ ಪಾಠದ ಹೃದಯವಾಗಿದ್ದುದರಿಂದ, ಅಲ್ಲಿ ಬರೆದ ಒಂಟಿ ನಗ್ನಾಕೃತಿಗೆ ಸಂಸ್ಥೆಯ ಹೆಸರೇ ಅಂಟಿಕೊಂಡಿತು. 1793ರಲ್ಲಿ ಕ್ರಾಂತಿಕಾರಿಗಳು ಆ ಅಕಾಡೆಮಿಯನ್ನು ಮುಚ್ಚಿದರು. ಆದರೂ ಕಲಿಸುವ ಕ್ರಮ ಮಾತ್ರ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್‌ನ ಸರ್ಕಾರಿ ಕಲಾಶಾಲೆಯಾದ ಬೋಜಾರ್‌ನಲ್ಲಿ ಹೆಚ್ಚು ಬದಲಾಗದೆ ಮುಂದುವರಿಯಿತು.

ವಿದ್ಯಾರ್ಥಿ ಮೊದಲು ಅಚ್ಚಿನ ಚಿತ್ರಗಳನ್ನು ನೋಡಿ ಬರೆಯಬೇಕಿತ್ತು: ಒಂದು ಕಣ್ಣು, ಒಂದು ಕಿವಿ, ಒಂದು ಪಾದ, ಆಮೇಲೆ ಇಡೀ ತಲೆ. ಅದು ಹದಕ್ಕೆ ಬಂದ ಮೇಲೆ ಗ್ರೀಕ್ ಮತ್ತು ರೋಮನ್ ಶಿಲ್ಪಗಳ ಪ್ಲಾಸ್ಟರ್ ಅಚ್ಚುಗಳ ಮುಂದೆ ಕೂರುವ ಸರದಿ. ಪ್ಲಾಸ್ಟರ್ ಅಲುಗಾಡುವುದಿಲ್ಲ, ಬಿಳಿಯಾಗಿರುತ್ತದೆ, ಆದ್ದರಿಂದ ನೆರಳು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಸ್ಪಷ್ಟವಾಗಿ ಕಲಿಸುತ್ತದೆ. ಅದರಲ್ಲೂ ಪಳಗಿದವನಿಗೆ ಮಾತ್ರ ಉಸಿರಾಡುವ ದೇಹದ ಮುಂದೆ ಕೂರಲು ಅವಕಾಶ ಸಿಗುತ್ತಿತ್ತು. ಎಣ್ಣೆ ದೀಪದ ಬೆಳಕಿನಲ್ಲಿ, ಬಹುಪಾಲು ಸಂಜೆಯ ಹೊತ್ತು, ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ನಿಲ್ಲುವ ರೂಪದರ್ಶಿಗೆ ಆಸರೆಯಾಗಿ ಕೋಲನ್ನೋ ಮೇಲಿಂದ ಇಳಿಬಿಟ್ಟ ಹಗ್ಗವನ್ನೋ ಕೊಡುತ್ತಿದ್ದರು. ಆ ಕಾಲದ ಎಷ್ಟೋ ಅಕಾಡೆಮಿ ಚಿತ್ರಗಳಲ್ಲಿ ಪುರುಷಾಕೃತಿಯ ಕೈಯಲ್ಲಿ ಕೋಲು ಕಾಣುವುದು ಇದರಿಂದಲೇ. ಅದರ ಹಿಂದೆ ಯಾವ ಪುರಾಣಕಥೆಯೂ ಇಲ್ಲ.

ದೇಹವನ್ನು ಬಟ್ಟೆಯಿಲ್ಲದೆಯೇ ಏಕೆ ಬರೆಯಬೇಕಿತ್ತು?

ಇತಿಹಾಸ, ಪುರಾಣ ಮತ್ತು ಧರ್ಮಗ್ರಂಥಗಳ ಪ್ರಸಂಗಗಳನ್ನು ಚಿತ್ರಿಸುವುದೇ ಕಲೆಯ ಅತ್ಯುನ್ನತ ಕೆಲಸವೆಂದು ಆಗಿನ ಫ್ರೆಂಚ್ ಕಲಾಲೋಕ ನಂಬಿತ್ತು. ಭಯ, ದುಃಖ, ಕರುಣೆ, ಶೌರ್ಯ ಎಲ್ಲವನ್ನೂ ಮೈಯ ನಿಲುವಿನಿಂದಲೇ ಹೇಳಬೇಕಾದ ಆ ಚಿತ್ರಗಳಲ್ಲಿ, ಬಟ್ಟೆಯ ನೆರಿಗೆಯ ಕೆಳಗೆ ಮೂಳೆ ಮತ್ತು ಸ್ನಾಯು ಸರಿಯಾಗಿ ಕೂತಿಲ್ಲದಿದ್ದರೆ ಇಡೀ ಆಕೃತಿಯೇ ಸುಳ್ಳೆನಿಸುತ್ತದೆ. ಹಾಗಾಗಿ ಕಲಾವಿದರು ಮೊದಲು ನಗ್ನ ಆಕೃತಿಯನ್ನು ಬರೆದು, ಅದರ ಮೇಲೆ ಬಟ್ಟೆ ತೊಡಿಸುತ್ತಿದ್ದರು. ಆಗಿನ ಪ್ರಮುಖ ಚಿತ್ರಕಾರ ಜಾಕ್-ಲೂಯಿ ದಾವಿದ್, ಕ್ರಾಂತಿಯ ಆರಂಭದ ಘಟನೆಯೊಂದನ್ನು ಕುರಿತು ಬರೆಯತೊಡಗಿ ಪೂರ್ತಿ ಮಾಡದೆ ಬಿಟ್ಟ 'ಟೆನಿಸ್ ಅಂಗಳದ ಪ್ರತಿಜ್ಞೆ' ಚಿತ್ರದ ದೊಡ್ಡ ಕ್ಯಾನ್ವಾಸಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಅಲ್ಲಿ ರಾಷ್ಟ್ರಸಭೆಯ ಪ್ರತಿನಿಧಿಗಳ ದೇಹಗಳು ನಗ್ನ ರೇಖೆಗಳಲ್ಲಿವೆ, ಕೆಲವರ ತಲೆಗಳಿಗೆ ಮಾತ್ರ ಬಣ್ಣ ತುಂಬಿದೆ.

ಚಾಕ್ ಎಂದರೆ ಶಾಲೆಯ ಸೀಮೆಸುಣ್ಣವೇ?

ಅಲ್ಲ. ಇಂದು ಕರಿಹಲಗೆಯ ಮೇಲೆ ಬರೆಯುವ ಸೀಮೆಸುಣ್ಣದ ಕಡ್ಡಿಗಳಲ್ಲಿ ಹೆಚ್ಚಿನವು ಜಿಪ್ಸಮ್‌ನಿಂದ ಅಚ್ಚು ಹಾಕಿದವು. ದರ್ಜಿಗಳು ಗುರುತು ಹಾಕಲು ಬಳಸುವ ಫ್ರೆಂಚ್ ಚಾಕ್ ಕೂಡ ಬೇರೆಯದೇ ವಸ್ತು. ಅದು ಟಾಲ್ಕ್ ಜಾತಿಯ ಮೆದುಕಲ್ಲು.

ಕಲಾವಿದರ ಕಪ್ಪು ಚಾಕ್ ಮೂಲತಃ ಒಂದು ಕಲ್ಲು. ನಮ್ಮ ಸ್ಲೇಟಿನ ಬಳಪ ಹೇಗೆ ನೆಲದಿಂದ ಅಗೆದು ಕಡ್ಡಿಯಾಗಿ ಕೊಯ್ದ ಕಲ್ಲೋ, ಹಾಗೆಯೇ ಇಂಗಾಲದ ಅಂಶವಿರುವ ಮೆದುವಾದ ಪದರಗಲ್ಲನ್ನು ಕಡ್ಡಿಗಳಾಗಿ ಕತ್ತರಿಸಿ ಹಿಡಿಕೆಗೆ ಸಿಕ್ಕಿಸಿ ಬರೆಯುತ್ತಿದ್ದರು. ಬಿಳಿ ಚಾಕ್ ಸುಣ್ಣಕಲ್ಲಿನ ಮೆದು ರೂಪ. ಕೆಂಪು ಚಾಕ್‌ಗೆ ಬಣ್ಣ ಬರುವುದು ಕಬ್ಬಿಣದ ಅದಿರಿನಿಂದ, ನಮ್ಮ ಕೆಮ್ಮಣ್ಣಿಗೆ ಬರುವಂತೆಯೇ. ಹದಿನೆಂಟನೆಯ ಶತಮಾನದಲ್ಲಿ ವಾಟೋ, ಬೂಶೆ ಮೊದಲಾದವರು ಈ ಮೂರನ್ನೂ ಒಂದೇ ಹಾಳೆಯಲ್ಲಿ ಸೇರಿಸಿ ಬರೆದು ಮೈಬಣ್ಣದ ಬೆಚ್ಚನೆಯ ಭಾವ ತಂದರು. ಪ್ರೂದೋನ್ ಆ ಕೆಂಪನ್ನು ಬಿಟ್ಟ. ಕಪ್ಪು, ಬಿಳಿ, ಕಾಗದದ ನೀಲಿ: ಇಷ್ಟರಲ್ಲೇ ಅವನ ಲೋಕ ಮುಗಿಯುತ್ತದೆ.

ಇದೇ ಕಾಲದಲ್ಲಿ ತಯಾರಿಸಿದ ಕಡ್ಡಿಗಳೂ ಬಂದವು. ಯುದ್ಧದ ಕಾರಣ ಇಂಗ್ಲೆಂಡಿನ ಗ್ರಾಫೈಟ್ ಫ್ರಾನ್ಸಿಗೆ ಬರುವುದು ನಿಂತುಹೋದಾಗ, ನಿಕೋಲಾ-ಜಾಕ್ ಕೋಂಟೆ ಎಂಬಾತ ಗ್ರಾಫೈಟ್ ಪುಡಿಯನ್ನು ಜೇಡಿಮಣ್ಣಿನಲ್ಲಿ ಕಲಸಿ ಸುಡುವ ವಿಧಾನ ಕಂಡುಹಿಡಿದು 1795ರಲ್ಲಿ ಪೇಟೆಂಟ್ ಪಡೆದ. ಜೇಡಿಮಣ್ಣಿನ ಪ್ರಮಾಣ ಬದಲಿಸಿದರೆ ಕಡ್ಡಿ ಗಟ್ಟಿಯೂ ಆಗುತ್ತದೆ, ಮೆತ್ತಗೂ ಆಗುತ್ತದೆ. ನಾವು ಇಂದು ಎಚ್‌ಬಿ, 2ಬಿ ಎಂದು ಕೇಳಿ ಕೊಳ್ಳುವ ಪೆನ್ಸಿಲ್ಲಿನ ಮೂಲ ಅಲ್ಲಿದೆ. ಕಪ್ಪು ಕೋಂಟೆ ಕಡ್ಡಿಗಳು ಹರಡಿದಂತೆಲ್ಲ ನೆಲದಿಂದ ಅಗೆದ ಕಪ್ಪು ಚಾಕ್ ನಿಧಾನವಾಗಿ ಹಿಂದೆ ಸರಿಯಿತು.

ಕಾಗದ ನೀಲಿಯಾಗಿಯೇ ಏಕಿರಬೇಕು?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಬಿಳಿ ಕಾಗದದಲ್ಲಿ ಅತ್ಯಂತ ಹೊಳಪಾದ ಬಣ್ಣ ಕಾಗದದ್ದೇ. ಕಲಾವಿದ ಅಲ್ಲಿ ಕತ್ತಲನ್ನು ಮಾತ್ರ ಸೇರಿಸಬಲ್ಲ. ನಡುಬಣ್ಣದ ಕಾಗದದಲ್ಲಾದರೆ ಕೆಲಸ ಎರಡು ದಿಕ್ಕಿನಲ್ಲಿ ನಡೆಯುತ್ತದೆ. ಕಪ್ಪು ಚಾಕ್ ನೆರಳಿನ ಕಡೆಗೆ ಇಳಿಯುತ್ತದೆ, ಬಿಳಿ ಚಾಕ್ ಬೆಳಕಿನ ಕಡೆಗೆ ಏರುತ್ತದೆ, ಇವೆರಡರ ನಡುವಿನ ಅಷ್ಟೂ ಛಾಯೆಯನ್ನು ಏನನ್ನೂ ಬರೆಯದೆ ಬಿಟ್ಟ ಕಾಗದವೇ ಹೊತ್ತುಕೊಳ್ಳುತ್ತದೆ. ಪ್ರೂದೋನ್‌ನ ಆಕೃತಿಗಳು ಬೆಳಗಿನ ಜಾವದ ಮಬ್ಬಿನಿಂದ ಎದ್ದುಬಂದಂತೆ ಕಾಣುವುದರ ಗುಟ್ಟು ಇಲ್ಲಿದೆ.

ಈ ಕಾಗದ ಅವನ ಆವಿಷ್ಕಾರವಲ್ಲ. ವೆನಿಸ್ಸಿನ ಕಲಾವಿದರು ಹದಿನಾರನೆಯ ಶತಮಾನದಲ್ಲೇ ನೀಲಿ ಕಾಗದವನ್ನು ಪ್ರೀತಿಯಿಂದ ಬಳಸಿದ್ದರು. ಆಗ ಕಾಗದವನ್ನು ಮಾಡುತ್ತಿದ್ದದ್ದು ಚಿಂದಿ ಬಟ್ಟೆಯಿಂದ. ಬಿಳಿ ಚಿಂದಿಯಿಂದ ಬರೆಯುವ ಕಾಗದವಾದರೆ, ದುಡಿಯುವವರ ಹರಿದ ನೀಲಿ ಬಟ್ಟೆಗಳಿಂದ ನೀಲಿ ಕಾಗದವಾಗುತ್ತಿತ್ತು. ಕ್ಲೋರಿನ್‌ನಿಂದ ಬಟ್ಟೆ ಬಿಳುಪು ಮಾಡುವ ವಿಧಾನ ಬಂದದ್ದೇ 1780ರ ದಶಕದಲ್ಲಿ. ಅಲ್ಲಿಯವರೆಗೆ ಬಣ್ಣದ ಚಿಂದಿಯನ್ನು ಬಿಳಿ ಮಾಡುವುದು ಸುಲಭವಿರಲಿಲ್ಲ. ಸಕ್ಕರೆ ಅಚ್ಚುಗಳನ್ನು ಸುತ್ತಿ ಮಾರುತ್ತಿದ್ದದ್ದೂ ಇಂಥದೇ ನೀಲಿ ಕಾಗದದಲ್ಲಿ. ಬಟ್ಟೆಗಳಿಗೆ ಆ ಬಣ್ಣ ಕೊಡುತ್ತಿದ್ದ ಗಿಡಗಳಲ್ಲಿ ಒಂದು ನಮ್ಮ ನೀಲಿ ಗಿಡದ ಜಾತಿಯದು. ಇಂಡಿಗೊ ಎಂಬ ಯುರೋಪಿನ ಹೆಸರು ಇಂಡಿಯಾದಿಂದಲೇ ಬಂದದ್ದು ಎಂಬುದನ್ನು ಇಲ್ಲಿ ನೆನೆಯಬಹುದು.

ಆತ ಚಿತ್ರವನ್ನು ಕಟ್ಟುತ್ತಿದ್ದ ಕ್ರಮ ಯಾವುದು?

ಮುಗಿದ ಚಿತ್ರಗಳನ್ನು ಅರೆಬರೆಯಾಗಿ ಉಳಿದ ಹಾಳೆಗಳ ಪಕ್ಕದಲ್ಲಿಟ್ಟು ನೋಡಿದರೆ ಹಂತಗಳು ತಕ್ಕಮಟ್ಟಿಗೆ ಗೊತ್ತಾಗುತ್ತವೆ. ಮೊದಲು ಕಪ್ಪು ಚಾಕ್‌ನಿಂದ ತೆಳುವಾದ ಹೊರರೇಖೆ. ಆಮೇಲೆ ನೆರಳಿನ ಭಾಗಗಳಿಗೆ ಕಪ್ಪನ್ನು ಹಗುರವಾಗಿ ಹರಡಿ, ಚರ್ಮವನ್ನೋ ಕಾಗದವನ್ನೋ ಬಿಗಿಯಾಗಿ ಸುರುಳಿ ಸುತ್ತಿ ಮಾಡಿದ ಕಡ್ಡಿಯಿಂದ ಅದನ್ನು ಉಜ್ಜಿ ಮೆದುಗೊಳಿಸುವುದು. ನಮ್ಮ ಚಿತ್ರಸಾಮಗ್ರಿ ಅಂಗಡಿಗಳಲ್ಲಿ ಇದನ್ನು ಬ್ಲೆಂಡಿಂಗ್ ಸ್ಟಂಪ್ ಎಂದು ಕೇಳಿದರೆ ಕೊಡುತ್ತಾರೆ. ಬೆಳಕು ಬೀಳುವ ಕಡೆ ಬಿಳಿ ಚಾಕ್‌ಗೂ ಇದೇ ಉಪಚಾರ. ಇಷ್ಟಾಗುವ ಹೊತ್ತಿಗೆ ಹಾಳೆಯ ಮೇಲೆ ಹೊಗೆಯಂತೆ ಅಸ್ಪಷ್ಟವಾದ ಒಂದು ದೇಹ ಮೂಡಿರುತ್ತದೆ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ನಿಲ್ಲಿಸಬಹುದಿತ್ತು. ಉಜ್ಜಿದ ನೆರಳು ನುಣುಪಾಗಿರುತ್ತದೆ, ಆದರೆ ಅದರಲ್ಲಿ ಜೀವ ಕಡಿಮೆ. ಪ್ರೂದೋನ್ ಆ ಮಬ್ಬಿನ ಮೇಲೆ ಮತ್ತೆ ಚೂಪಾದ ಚಾಕ್ ಹಿಡಿದು ಒತ್ತೊತ್ತಾದ ಗೆರೆಗಳನ್ನು ಎಳೆಯುತ್ತಾನೆ. ನೇಗಿಲ ಸಾಲು ಇಳಿಜಾರನ್ನು ಅನುಸರಿಸಿ ಬಾಗುವಂತೆ ಈ ಗೆರೆಗಳು ತೊಡೆಯ ಉಬ್ಬನ್ನೋ ಪಕ್ಕೆಲುಬುಗಳ ಇಳಿತವನ್ನೋ ಅನುಸರಿಸಿ ಸಾಗುತ್ತವೆ. ಒಂದು ಮೊಣಕಾಲನ್ನೇ ಹತ್ತಿರದಿಂದ ನೋಡೋಣ. ಚಿಪ್ಪಿನ ನೆತ್ತಿಯ ಮೇಲೆ ದಪ್ಪನೆಯ ಬಿಳಿ; ಅದರ ಸುತ್ತ ಬಿಳಿ ಗೆರೆಗಳು ಕ್ರಮೇಣ ವಿರಳವಾಗುತ್ತ ಕಾಗದದ ನೀಲಿಯಲ್ಲಿ ಕರಗುತ್ತವೆ; ಸ್ವಲ್ಪ ದೂರ ಬರೀ ಕಾಗದ; ಆಮೇಲೆ ಕಪ್ಪು ಗೆರೆಗಳು ಒಂದೊಂದಾಗಿ ಶುರುವಾಗಿ ದಟ್ಟವಾಗುತ್ತ ಮೊಣಕಾಲಿನ ಹಿಂದಿನ ನೆರಳಿಗೆ ಇಳಿಯುತ್ತವೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಗೆರೆಗಳೆಲ್ಲ ಮಾಯವಾಗಿ ಚರ್ಮದ ಮೇಲೆ ಜಾರುವ ಬೆಳಕು ಮಾತ್ರ ಉಳಿಯುತ್ತದೆ. ಹತ್ತಿರ ಹೋದರೆ ದೇಹ ಮರೆಯಾಗಿ ಗೆರೆಗಳ ನೇಯ್ಗೆ ಕಾಣುತ್ತದೆ. ಈ ಎರಡು ನೋಟಗಳ ನಡುವೆ ಹೋಗಿಬರುವುದೇ ಈ ಚಿತ್ರಗಳನ್ನು ನೋಡುವ ಸರಿಯಾದ ರೀತಿ ಎಂದು ನಾನು ತಿಳಿದಿದ್ದೇನೆ.

ಒಂದೇ ಒಂದು ಚಿತ್ರವನ್ನು ನೋಡುವುದಾದರೆ ಯಾವುದನ್ನು ನೋಡಬೇಕು?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್‌ಟೌನ್‌ನಲ್ಲಿರುವ ಕ್ಲಾರ್ಕ್ ಕಲಾಸಂಸ್ಥೆಯ 'ಲಾ ಸೂರ್ಸ್', ಅಂದರೆ 'ಒರತೆ'. 1801ರ ಸುಮಾರಿನದು, ಎತ್ತರ ಸುಮಾರು 54 ಸೆಂಟಿಮೀಟರ್. ಕುಳಿತ ನಗ್ನ ಸ್ತ್ರೀಯೊಬ್ಬಳು ತಲೆ ಬಾಗಿಸಿ ತನ್ನದೇ ಯೋಚನೆಯಲ್ಲಿ ಮುಳುಗಿದ್ದಾಳೆ. ನೀರಿನ ಒರತೆಯನ್ನು ಹೆಣ್ಣಿನ ರೂಪದಲ್ಲಿ ತೋರಿಸುವುದು ಯುರೋಪಿನ ಹಳೆಯ ಸಂಪ್ರದಾಯ. ಆದರೆ ಇಲ್ಲಿ ಅವಳು ಜಲದೇವತೆಯೆಂಬುದಕ್ಕಿಂತ ಯಾರೂ ತನ್ನನ್ನು ನೋಡುತ್ತಿಲ್ಲವೆಂಬಂತೆ ಕುಳಿತಿದ್ದಾಳೆಂಬುದೇ ಮನಸ್ಸಿನಲ್ಲಿ ಉಳಿಯುತ್ತದೆ. ಬಣ್ಣದಲ್ಲಿ ಮತ್ತೆ ಬರೆಯಬೇಕಾದ ಯಾವ ಕೊರತೆಯೂ ಈ ಹಾಳೆಯಲ್ಲಿಲ್ಲ.

ದಾವಿದ್, ಆಂಗ್ರ್ ಮೊದಲಾದ ಸಮಕಾಲೀನರಿಗೂ ಇವನಿಗೂ ಏನು ವ್ಯತ್ಯಾಸ?

ಪ್ರೂದೋನ್ ಬದುಕಿದ್ದ ಕಾಲದ ಪ್ಯಾರಿಸ್‌ನಲ್ಲಿ ದಾವಿದ್‌ನ ಮಾತೇ ಕಲೆಯ ಕಾನೂನಾಗಿತ್ತು. ಶಿಲ್ಪದಲ್ಲಿ ಕಡೆದಂಥ ಗಟ್ಟಿಯಾದ ಅಂಚು, ಸ್ಪಷ್ಟವಾದ ಬೆಳಕು, ನಾಗರಿಕ ಕರ್ತವ್ಯವನ್ನು ಸಾರುವ ವಸ್ತು: ಇವು ಆ ಪಂಥದ ಲಕ್ಷಣಗಳು. ದಾವಿದ್‌ನ ಶಿಷ್ಯ ಆಂಗ್ರ್ ರೇಖೆಯನ್ನು ಇನ್ನೂ ಎತ್ತರಕ್ಕೆ ಒಯ್ದ. ಬಿಳಿ ಕಾಗದದ ಮೇಲೆ ಚೂಪಾದ ಗ್ರಾಫೈಟ್ ಪೆನ್ಸಿಲ್ಲಿನಿಂದ ಬರೆದ ಅವನ ಭಾವಚಿತ್ರಗಳಲ್ಲಿ ಅಂಚೇ ಎಲ್ಲವನ್ನೂ ಹೇಳಿಬಿಡುತ್ತದೆ. ಪ್ರೂದೋನ್ ಸಹ ಗ್ರೀಕ್ ಶಿಲ್ಪಗಳನ್ನು ಆರಾಧಿಸಿದವನೇ. ಆದರೆ ಅವನಲ್ಲಿ ಅಂಚು ಕರಗುತ್ತದೆ, ನೆರಳಿನ ಕಡೆಯ ಭುಜ ಹಿನ್ನೆಲೆಯೊಳಗೆ ಸೇರಿಹೋಗುತ್ತದೆ, ಕಣ್ಣು ಅದನ್ನು ತಾನೇ ಪೂರ್ಣಗೊಳಿಸಿಕೊಳ್ಳಬೇಕಾಗುತ್ತದೆ. ಮುಂದಿನ ತಲೆಮಾರಿನ ರೊಮ್ಯಾಂಟಿಕ್ ಕಲಾವಿದರು ಅವನನ್ನು ತಮ್ಮವನೆಂದು ಭಾವಿಸಿದ್ದು ಸಹಜವಾಗಿತ್ತು. 1846ರಲ್ಲಿ ದೆಲಾಕ್ರ್ವಾ ಅವನ ಬಗ್ಗೆ ದೀರ್ಘವಾದ ಲೇಖನವನ್ನೇ ಬರೆದ.

ದೊಡ್ಡ ವರ್ಣಚಿತ್ರಗಳಿಗೂ ಈ ಚಿತ್ರಗಳಿಗೂ ಸಂಬಂಧವಿದೆಯೇ?

ಕೆಲವಕ್ಕೆ ನೇರವಾದ ಸಂಬಂಧವಿದೆ. ಪ್ಯಾರಿಸ್‌ನ ಅಪರಾಧ ನ್ಯಾಯಾಲಯಕ್ಕಾಗಿ ಜಿಲ್ಲಾಡಳಿತದ ಮುಖ್ಯಸ್ಥ ನಿಕೋಲಾ ಫ್ರೋಶೋ ಬರೆಸಿದ, 1808ರಲ್ಲಿ ಪ್ರದರ್ಶನಗೊಂಡ 'ಅಪರಾಧವನ್ನು ಬೆನ್ನಟ್ಟುವ ನ್ಯಾಯ ಮತ್ತು ದೈವೀ ಪ್ರತೀಕಾರ' ಎಂಬ ಚಿತ್ರ ಈಗ ಲೂವ್ರ್‌ನಲ್ಲಿದೆ. ಬೆಳದಿಂಗಳ ರಾತ್ರಿ, ಕೊಲೆ ಮಾಡಿದವನು ಓಡುತ್ತಿದ್ದಾನೆ, ಅವನ ಹಿಂದೆ ಆಕಾಶದಲ್ಲಿ ಪಂಜು ಹಿಡಿದ ಪ್ರತೀಕಾರ ಮತ್ತು ಕತ್ತಿ ಹಿಡಿದ ನ್ಯಾಯದೇವತೆ, ನೆಲದ ಮೇಲೆ ಸತ್ತವನ ಬೆತ್ತಲೆ ದೇಹ. ಈ ರಚನೆಗಾಗಿ ಅವನು ಹಲವು ಚಿತ್ರಗಳನ್ನು ಬರೆದ. ಬಿದ್ದಿರುವ ಆ ದೇಹದ ಮೇಲೆ ಹರಿಯುವ ತಣ್ಣನೆಯ ಬೆಳಕು ನೀಲಿ ಕಾಗದದ ಮೇಲೆ ಕಲಿತದ್ದು ಎಂಬುದು ನೋಡಿದ ಕೂಡಲೇ ಹೊಳೆಯುತ್ತದೆ. ದುಃಖದ ಸಂಗತಿಯೆಂದರೆ, ಆತ ಬಳಸಿದ ಬಣ್ಣಗಳ ದೋಷದಿಂದ ಅವನ ಹಲವು ವರ್ಣಚಿತ್ರಗಳು ಕಪ್ಪಾಗಿ ಬಿರುಕುಬಿಟ್ಟಿವೆ. ಕಾಗದದ ಮೇಲಿನ ಚಾಕ್ ಅಂಥ ಕೇಡಿನಿಂದ ಪಾರಾಯಿತು.

ರೂಪದರ್ಶಿಗಳು ಯಾರು?

ಅಕಾಡೆಮಿಯ ಅಧಿಕೃತ ತರಗತಿಗಳಲ್ಲಿ ಪುರುಷರೇ ರೂಪದರ್ಶಿಗಳಾಗಿದ್ದರು. ಸ್ತ್ರೀ ರೂಪದರ್ಶಿಗಳು ಖಾಸಗಿ ಚಿತ್ರಶಾಲೆಗಳಲ್ಲಿ ಕೆಲಸ ಮಾಡುತ್ತಿದ್ದರು. ಅಷ್ಟು ಹೊತ್ತು ಅಲುಗಾಡದೆ ನಿಂತು ದುಡಿದವರಲ್ಲಿ ಬಹುತೇಕರ ಹೆಸರು ಎಲ್ಲಿಯೂ ದಾಖಲಾಗಲಿಲ್ಲ. ಪ್ರೂದೋನ್‌ನ ಸ್ತ್ರೀ ಚಿತ್ರಗಳ ಜೊತೆಗೆ ಮಾರ್ಗರೀಟ್ ಎಂಬ ಒಂದು ಹೆಸರು ಮಾತ್ರ ಉಳಿದುಬಂದಿದೆ. ಅವನ ರೂಪದರ್ಶಿಗಳ ಮುಖದಲ್ಲಿ ದಣಿವು, ಬೇಸರ, ಯಾವುದೋ ದೂರದ ಯೋಚನೆ ಇವೆಲ್ಲ ಕಾಣುತ್ತವೆ. ಅದನ್ನು ಅಳಿಸಿಹಾಕದೆ ಹಾಗೇ ಬಿಟ್ಟದ್ದಕ್ಕೆ ನಾನು ಅವನಿಗೆ ಋಣಿ.

ಮಹಿಳಾ ಕಲಾವಿದರಿಗೆ ಈ ಅಭ್ಯಾಸಕ್ಕೆ ಅವಕಾಶವಿತ್ತೇ?

ಬೋಜಾರ್ ಕಲಾಶಾಲೆ ಮಹಿಳೆಯರಿಗೆ ಬಾಗಿಲು ತೆರೆದದ್ದು 1897ರಲ್ಲಿ. ಅಂದರೆ ಹೆಚ್ಚುಕಡಿಮೆ ಇಡೀ ಶತಮಾನ ಅವರು ಹೊರಗೇ ಉಳಿದರು. ದೇಹವನ್ನು ನೋಡಿ ಬರೆಯಲು ಅವಕಾಶವಿಲ್ಲವೆಂದರೆ ಇತಿಹಾಸ ಚಿತ್ರಕಾರಳಾಗಲು ದಾರಿಯೇ ಇಲ್ಲವೆಂದು ಅರ್ಥ. ಭಾವಚಿತ್ರ, ಹೂವು, ಮನೆಯೊಳಗಿನ ದೃಶ್ಯ ಇವಿಷ್ಟೇ ಉಳಿಯುತ್ತಿದ್ದವು. 1868ರಲ್ಲಿ ಶುರುವಾದ ಖಾಸಗಿ ಅಕಾಡೆಮಿ ಜೂಲಿಯಾನ್ ಮಹಿಳೆಯರನ್ನು ಸೇರಿಸಿಕೊಂಡದ್ದು ಆ ಕಾರಣಕ್ಕೆ ದೊಡ್ಡ ಸಂಗತಿ.

ಇಲ್ಲಿ ಕಾನ್‌ಸ್ಟಾನ್ಸ್ ಮೇಯರ್‌ಳ ಬಗ್ಗೆ ಹೇಳಲೇಬೇಕು. ಗ್ರೋಜ್ ಮತ್ತು ದಾವಿದ್ ಅವರ ಬಳಿ ಕಲಿತಿದ್ದ ಆಕೆ 1802ರ ಹೊತ್ತಿಗೆ ಪ್ರೂದೋನ್‌ನ ಶಿಷ್ಯೆಯಾಗಿ, ಬಳಿಕ ಸಂಗಾತಿಯಾಗಿ, ಇಬ್ಬರೂ ಸೊರ್ಬೋನ್ ಕಟ್ಟಡದಲ್ಲಿ ಅಕ್ಕಪಕ್ಕದ ವಸತಿಗಳಲ್ಲಿದ್ದು ಸುಮಾರು ಎರಡು ದಶಕ ಒಟ್ಟಿಗೆ ಕೆಲಸ ಮಾಡಿದರು. ಅವನು ಚಾಕ್‌ನಲ್ಲಿ ಬರೆದುಕೊಟ್ಟ ಕಲ್ಪನೆಗಳನ್ನು ಆಕೆ ಬಣ್ಣದಲ್ಲಿ ದೊಡ್ಡದಾಗಿ ಚಿತ್ರಿಸಿ ತನ್ನ ಹೆಸರಿನಲ್ಲಿ ಪ್ರದರ್ಶಿಸುತ್ತಿದ್ದಳು. 1819ರ 'ಸುಖದ ಕನಸು' ಅಂಥ ಒಂದು ಕೃತಿ. 1821ರ ಮೇ ತಿಂಗಳಲ್ಲಿ ಆಕೆ ಪ್ರಾಣ ಕಳೆದುಕೊಂಡಳು. ಪ್ರೂದೋನ್ ಆಕೆ ಬಿಟ್ಟುಹೋದ ಚಿತ್ರವೊಂದನ್ನು ಪೂರ್ಣಗೊಳಿಸಿ ಪ್ಯಾರಿಸ್‌ನ ಅಧಿಕೃತ ಕಲಾಪ್ರದರ್ಶನವಾದ ಸಲೋನ್‌ಗೆ 1822ರಲ್ಲಿ ಕಳಿಸಿದ. ಪೇರ್ ಲಾಶೇಜ್ ಸ್ಮಶಾನದಲ್ಲಿ ಇಬ್ಬರ ಸಮಾಧಿಯೂ ಒಂದೇ ಕಡೆ ಇದೆ. ಆಮೇಲೆ ವ್ಯಾಪಾರಿಗಳು ಆಕೆಯ ಚಿತ್ರಗಳನ್ನು ಅವನ ಹೆಸರಿನಲ್ಲಿ ಮಾರಿದರು. ಹೀಗಾಗಿ ಯಾವುದು ಯಾರ ಕೈಯದು ಎಂದು ಬಿಡಿಸುವ ಕೆಲಸ ವಿದ್ವಾಂಸರ ಪಾಲಿಗೆ ಬಂದಿದೆ.

ಶತಮಾನದ ಉತ್ತರಾರ್ಧದಲ್ಲಿ ಈ ಸಂಪ್ರದಾಯ ಏನಾಯಿತು?

ಒಂದು ಕಡೆ ಅದು ಪಠ್ಯವಾಯಿತು. ಶಾರ್ಲ್ ಬಾರ್ಗ್ ಎಂಬ ಕಲಾವಿದ ಚಿತ್ರಕಾರ ಜೆರೋಮ್‌ನ ಜೊತೆಗೂಡಿ 1860ರ ದಶಕದ ಕೊನೆಯಲ್ಲಿ ಸಿದ್ಧಪಡಿಸಿದ ಚಿತ್ರಪಾಠದ ಕಲ್ಲಚ್ಚು (ಲಿಥೋಗ್ರಾಫ್) ಹಾಳೆಗಳು ಶಾಲೆಶಾಲೆಗೆ ಹೋದವು. ವ್ಯಾನ್ ಗಾಫ್ ಅವನ್ನು ಮತ್ತೆ ಮತ್ತೆ ನಕಲು ಮಾಡಿ ಕೈ ಪಳಗಿಸಿಕೊಂಡ.

ಇನ್ನೊಂದು ಕಡೆ ಜಾರ್ಜ್ ಸರಾ ಇದ್ದಾನೆ. ಆಂಗ್ರ್‌ನ ಶಿಷ್ಯ ಲೇಮಾನ್‌ನ ಬಳಿ ಬೋಜಾರ್‌ನಲ್ಲಿ ಕ್ರಮವಾಗಿ ಅಕಾಡೆಮಿಗಳನ್ನು ಬರೆದವನು, 1880ರ ದಶಕದ ಆರಂಭದಲ್ಲಿ ಒರಟು ಮೈಯ ಮಿಶಾಲೆ ಕಾಗದದ ಮೇಲೆ ಕಪ್ಪು ಕೋಂಟೆ ಕಡ್ಡಿಯಿಂದ ರೇಖೆಯೇ ಇಲ್ಲದ ಆಕೃತಿಗಳನ್ನು ಮೂಡಿಸಿದ. ಕಡ್ಡಿಯನ್ನು ಹಗುರವಾಗಿ ಸವರಿದರೆ ಕಾಗದದ ಉಬ್ಬುಗಳಿಗೆ ಮಾತ್ರ ಕಪ್ಪು ಹತ್ತುತ್ತದೆ, ತಗ್ಗುಗಳಲ್ಲಿ ಬಿಳಿ ಉಳಿದು ಮಿನುಗುತ್ತದೆ. ಗೆಳೆಯ ಅಮಾನ್-ಜಾನ್‌ನ ಭಾವಚಿತ್ರವನ್ನು ಅವನು ಈ ವಿಧಾನದಲ್ಲೇ ಬರೆದ. ಅದು 1883ರ ಸಲೋನ್‌ನಲ್ಲಿ ಪ್ರದರ್ಶನಗೊಂಡಿತು. ಪ್ರೂದೋನ್‌ನಲ್ಲಿ ಬೆಳಕು ಮೇಲಿನಿಂದ ಹಚ್ಚಿದ ಬಿಳಿ ಚಾಕ್. ಸರಾನಲ್ಲಿ ಅದು ಮುಚ್ಚದೆ ಬಿಟ್ಟ ಕಾಗದ. ದಾರಿಗಳು ಬೇರೆ ಬೇರೆ, ಆದರೆ ಕತ್ತಲಿನಿಂದ ಆಕೃತಿ ನಿಧಾನವಾಗಿ ಹೊರಬರುವ ಆ ಮೌನ ಇಬ್ಬರಲ್ಲೂ ಇದೆ.

ನನ್ನ ಬಳಿಯಿರುವ ಹಳೆಯ ಹಾಳೆ ಮೂಲ ಚಿತ್ರವೋ ಅಚ್ಚೋ ಎಂದು ತಿಳಿಯುವುದು ಹೇಗೆ?

ಭೂತಗನ್ನಡಿ ಹಿಡಿದು ನೋಡಿ. ಮೂಲ ಚಾಕ್ ಚಿತ್ರದಲ್ಲಿ ಪುಡಿಯ ಕಣಗಳು ಕಾಗದದ ನಾರಿನ ಮೇಲೆ ಕೂತಿರುತ್ತವೆ. ಓರೆಯಾಗಿ ಬೆಳಕು ಬಿಟ್ಟರೆ ಬಿಳಿ ಚಾಕ್ ಸ್ವಲ್ಪ ಉಬ್ಬಿದಂತೆ ಕಾಣುತ್ತದೆ. ಕಲ್ಲಚ್ಚಿನಲ್ಲಿ ಶಾಯಿ ಎಲ್ಲ ಕಡೆ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿರುತ್ತದೆ. ಚಾಕ್ ಗೆರೆಯನ್ನೇ ಅನುಕರಿಸುವ ತಾಮ್ರದ ಕೆತ್ತನೆ ಹದಿನೆಂಟನೆಯ ಶತಮಾನದಲ್ಲಿ ಡೆಮಾರ್ಟೋ ಮೊದಲಾದವರ ಕೈಯಲ್ಲಿ ಬಹಳ ಜನಪ್ರಿಯವಾಗಿತ್ತು. ಅದರಲ್ಲಿ ಗೆರೆ ಚುಕ್ಕೆಗಳಿಂದ ಕೂಡಿರುತ್ತದೆ, ಹಾಳೆಯ ಅಂಚಿನಲ್ಲಿ ತಗಡು ಒತ್ತಿದ ಗುರುತೂ ಇರಬಹುದು. ಮೂಲವೇ ಎಂದು ತೋರಿದರೂ ಅದನ್ನು ಪ್ರೂದೋನ್‌ನದೆಂದು ಹೇಳಲು ಅವಸರ ಬೇಡ; ಅವನ ಶೈಲಿಯನ್ನು ಅನುಕರಿಸಿದ ಶಿಷ್ಯರೂ ನಕಲುಗಾರರೂ ಹಲವರಿದ್ದರು.

ಚಿತ್ರಗಳ ನೀಲಿ ಬಣ್ಣ ಫೋಟೊಗಳಲ್ಲಿ ಬೂದಿಯಂತೆ ಕಾಣುವುದೇಕೆ?

ಬಹಳಷ್ಟು ಹಾಳೆಗಳಲ್ಲಿ ನೀಲಿ ನಿಜವಾಗಿಯೂ ಮಾಸಿದೆ. ಬೆಳಕಿಗೆ ಒಡ್ಡಿದ ನೀಲಿ ಕಾಗದ ಕಾಲ ಕಳೆದಂತೆ ಬೂದು, ಹಸಿರು ಅಥವಾ ಕಂದು ಛಾಯೆಗೆ ತಿರುಗುತ್ತದೆ. ಚೌಕಟ್ಟಿನ ಅಂಚಿನಡಿ ಮುಚ್ಚಿಹೋಗಿದ್ದ ಪಟ್ಟಿಯಲ್ಲಿ ಮಾತ್ರ ಮೊದಲಿನ ನೀಲಿ ಉಳಿದಿರುವುದುಂಟು. ಕಾಗದವೇ ನಡುವಿನ ಛಾಯೆಯಾದ್ದರಿಂದ, ಅದು ಮಾಸಿದರೆ ಇಡೀ ಚಿತ್ರದ ತಕ್ಕಡಿ ವಾಲುತ್ತದೆ. ಒಮ್ಮೆ ತಂಪಾಗಿದ್ದ ಬೆಳಕು ಕಾವೇರಿದಂತೆ ಕಾಣುತ್ತದೆ. ಅದಕ್ಕಾಗಿಯೇ ವಸ್ತುಸಂಗ್ರಹಾಲಯಗಳು ಇಂಥ ಹಾಳೆಗಳನ್ನು ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ, ಕೆಲವೇ ತಿಂಗಳು ಪ್ರದರ್ಶಿಸಿ ಮತ್ತೆ ಕತ್ತಲೆಯ ಪೆಟ್ಟಿಗೆಗೆ ಸೇರಿಸುತ್ತವೆ. ಪುಡಿ ಉದುರದಿರಲೆಂದು ಮೇಲೆ ದ್ರಾವಣ ಸಿಂಪಡಿಸಿದರೆ ಬಿಳಿ ಚಾಕ್ ಮಂಕಾಗುತ್ತದೆ, ಹಾಗಾಗಿ ಅದೂ ಸಲ್ಲದು.

ಈ ವಿಧಾನವನ್ನು ನಾನು ಮನೆಯಲ್ಲಿ ಅಭ್ಯಾಸ ಮಾಡಬಹುದೇ?

ಖಂಡಿತ ಮಾಡಬಹುದು. ಬೂದು ಅಥವಾ ನೀಲಿ ಬಣ್ಣದ, ಸ್ವಲ್ಪ ಒರಟು ಮೈಯ ಕಾಗದ, ಒಂದು ಚಾರ್‌ಕೋಲ್ ಪೆನ್ಸಿಲ್, ಒಂದು ಬಿಳಿ ಚಾಕ್ ಪೆನ್ಸಿಲ್, ಒಂದು ಸ್ಟಂಪ್ ಇದ್ದರೆ ಸಾಕು. ರೂಪದರ್ಶಿ ಬೇಕಿಲ್ಲ, ಒಂದು ಮಣ್ಣಿನ ಮಡಕೆಯನ್ನೋ ನಿಮ್ಮ ಎಡಗೈಯನ್ನೋ ಒಂದೇ ದೀಪದ ಬೆಳಕಿನಲ್ಲಿಟ್ಟು ಶುರುಮಾಡಿ. ಮೊದಲ ದಿನಗಳಲ್ಲಿ ಕಪ್ಪು ಮತ್ತು ಬಿಳಿ ಒಂದನ್ನೊಂದು ಮುಟ್ಟದಂತೆ ನೋಡಿಕೊಳ್ಳಿ. ಎರಡೂ ಬೆರೆತರೆ ಬೂದಿ ಬಳಿದಂತಾಗಿ ಕಾಗದದ ಕೆಲಸ ಕೆಡುತ್ತದೆ. ಬಿಳಿಯನ್ನು ಕೊನೆಗೆ, ಜಿಪುಣತನದಿಂದ ಬಳಸಿ. ಹೊಸಬರು ಸಾಮಾನ್ಯವಾಗಿ ಎಡವುವುದು ಬಿಳಿ ಹೆಚ್ಚಾಗಿಯೇ.

ಮೂಲ ಚಿತ್ರಗಳನ್ನು ಎಲ್ಲಿ ನೋಡಬಹುದು?

ಪ್ಯಾರಿಸ್‌ನ ಲೂವ್ರ್‌ನಲ್ಲಿ ಮತ್ತು ಪ್ರೂದೋನ್ ಕ್ರಾಂತಿಯ ದಿನಗಳಲ್ಲಿ ಆಶ್ರಯ ಪಡೆದ ಗ್ರೇ ಪಟ್ಟಣದ ಬಾರೋನ್ ಮಾರ್ತಾನ್ ವಸ್ತುಸಂಗ್ರಹಾಲಯದಲ್ಲಿ ಒಳ್ಳೆಯ ಸಂಗ್ರಹಗಳಿವೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಮೇಲೆ ಹೇಳಿದ ಕ್ಲಾರ್ಕ್ ಸಂಸ್ಥೆ ಹತ್ತಿರವಾದೀತು. ಕಾಗದದ ಮೇಲಿನ ಕೃತಿಗಳು ವರ್ಷವಿಡೀ ಗೋಡೆಯ ಮೇಲಿರುವುದಿಲ್ಲವಾದ್ದರಿಂದ ಹೊರಡುವ ಮೊದಲು ಸಂಸ್ಥೆಗೆ ಬರೆದು ವಿಚಾರಿಸಿ. ದೂರದ ಪ್ರಯಾಣ ಸಾಧ್ಯವಿಲ್ಲದವರು ಆ ಸಂಸ್ಥೆಗಳ ಜಾಲತಾಣಗಳಲ್ಲಿರುವ ದೊಡ್ಡ ಗಾತ್ರದ ಚಿತ್ರಗಳನ್ನು ತೆರೆದು, ಪರದೆಯ ಮೇಲೆ ಒಂದು ಮೊಣಕಾಲನ್ನೋ ಭುಜವನ್ನೋ ಹಿಗ್ಗಿಸಿ, ಬಿಳಿ ಗೆರೆ ಎಲ್ಲಿ ನಿಂತು ಕಾಗದ ಎಲ್ಲಿ ಶುರುವಾಗುತ್ತದೆ ಎಂದು ಹುಡುಕಬಹುದು.